ಅಳಿಸಿದ ಮೇಲೂ ಹಾಡುವ ಫೈಲು

‘ತಾಳಮದ್ದಳೆಯ ಆಡಿಯೊ ಕೇಳುತ್ತಲೇ ಫೋಲ್ಡರ್ ಚೊಕ್ಕ ಮಾಡುತ್ತಿದ್ದೆ. ಟರ್ಮಿನಲ್‌ನಲ್ಲಿ ‘ಆರ್‌ಎಂ’ ಹೊಡೆಯುವಾಗ ಕೈತಪ್ಪಿ ಆ ಫೈಲೇ ಹೋಯಿತು. ಆದರೂ ಪ್ರಸಂಗ ನಿಲ್ಲಲಿಲ್ಲ, ಮಂಗಳದವರೆಗೂ ಕೇಳಿದೆ! ಪ್ಲೇಯರ್ ಮುಚ್ಚಿ ನೋಡಿದರೆ ಫೈಲು ಇಲ್ಲ. ಇದೇನು ಮಾಯೆ?’ ಸಿದ್ದಾಪುರ ಕಡೆಯ ಓದುಗರೊಬ್ಬರ ಪ್ರಶ್ನೆ. ಅವರದು ಉಬುಂಟು ಹಾಕಿದ ಲ್ಯಾಪ್‌ಟಾಪ್.

ಮಾಯೆಯೇನಲ್ಲ, ಲಿನಕ್ಸ್ ತನ್ನ ಹಿರಿಯಣ್ಣ ಯುನಿಕ್ಸ್‌ನಿಂದ ಕಲಿತ ಮರ್ಯಾದೆ. ಇಲ್ಲಿ ಫೈಲಿನ ಹೆಸರು ಒಂದು ಕಡೆ, ಅದರ ಜಾತಕ ಇನ್ನೊಂದು ಕಡೆ. ಗಾತ್ರ, ಒಡೆಯ, ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದೆಲ್ಲ ‘ಐನೋಡ್’ ಎಂಬ ದಾಖಲೆಯಲ್ಲಿರುತ್ತದೆ. ಆರ್‌ಎಂ ಹೊಡೆದಾಗ ಹೋಗುವುದು ಹೆಸರು. ಆ ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದು ಹಿಡಿದಿದ್ದರೆ, ಅದು ಕೈಬಿಡುವ ತನಕ ಲಿನಕ್ಸ್ ಒಂದು ಬೈಟನ್ನೂ ಮುಟ್ಟುವುದಿಲ್ಲ.

ಪ್ಲೇಯರ್ ಮುಚ್ಚದೇ ಇದ್ದಿದ್ದರೆ ಕೆಲಸ ಎರಡು ನಿಮಿಷದ್ದು. ‘ಪ್ರಾಕ್’ ಎಂಬ ಡೈರೆಕ್ಟರಿಯಲ್ಲಿ ಓಡುತ್ತಿರುವ ಪ್ರತಿ ಪ್ರೋಗ್ರಾಂಗೂ ಅದರದೇ ಸಂಖ್ಯೆಯ ಫೋಲ್ಡರ್ ಉಂಟು. ಅದರೊಳಗೆ ‘ಎಫ್‌ಡಿ’ ಎಂಬ ಇನ್ನೊಂದು. ಅಲ್ಲಿ ಪಟ್ಟಿ ತೆಗೆದರೆ ನಿಮ್ಮ ತಾಳಮದ್ದಳೆಯ ಹೆಸರು, ಪಕ್ಕದಲ್ಲಿ ‘ಡಿಲೀಟೆಡ್’ ಎಂಬ ಷರಾ ಸಮೇತ ಕಾಣುತ್ತದೆ. ಆ ಕೊಂಡಿಯನ್ನೇ ‘ಸಿಪಿ’ ಆದೇಶದಿಂದ ಬೇರೆ ಹೆಸರಿಗೆ ನಕಲು ಮಾಡಿದರೆ ಪೂರ್ತಿ ಫೈಲು ವಾಪಸು. ಮೊದಲ ಸಲ ಇದನ್ನು ನೋಡಿದಾಗ ನನಗೆ ಚಪ್ಪಾಳೆ ತಟ್ಟಬೇಕೆನಿಸಿತ್ತು.

ಮುಚ್ಚಿಯಾಗಿದ್ದರೆ ದಾರಿ ಕಷ್ಟದ್ದು. ಪಹಣಿಯಿಂದ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಅಡಿಕೆ ತೋಟ ಎಲ್ಲೂ ಹೋಗದು. ಇನ್ನೊಬ್ಬರು ಬಂದು ಅಗೆದು ಬೇರೆ ಗಿಡ ನೆಡುವವರೆಗೆ ಮರಗಳು ಅಲ್ಲೇ ಇರುತ್ತವೆ. ಆದರೆ ಲಿನಕ್ಸ್ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ, 2008ರಿಂದ ಬಳಕೆಯಲ್ಲಿರುವ ‘ಎಕ್ಸ್ಟ್4’ ಪದ್ಧತಿ ಐನೋಡಿನೊಳಗಿನ ಜಾಗದ ವಿವರವನ್ನೂ ಒರೆಸುತ್ತದೆ. ಉಳಿಯುವ ಆಸೆ ‘ಜರ್ನಲ್’. ಕರೆಂಟು ಹೋದರೂ ಲೆಕ್ಕ ತಪ್ಪದಿರಲೆಂದು ಬದಲಾವಣೆಗಳನ್ನು ಮೊದಲು ಬರೆದಿಡುವ ಪುಸ್ತಕ ಅದು. ಯಲ್ಲಾಪುರದ ಮಳೆಗಾಲ ಕಂಡವರಿಗೆ ಅದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಹಳೆಯ ಐನೋಡಿನ ಪ್ರತಿ ಅಲ್ಲಿ ಉಳಿದಿದ್ದರೆ ‘ಎಕ್ಸ್ಟ್‌ಅನ್‌ಡಿಲೀಟ್’ನಂಥ ಸಾಧನ ಅದನ್ನು ಹೆಕ್ಕುತ್ತದೆ. ಜರ್ನಲ್ ತುಂಬಿದಾಗ ಮೊದಲ ಪುಟದಿಂದ ಮತ್ತೆ ಬರೆಯುತ್ತ ಹೋಗುವುದರಿಂದ ತಡ ಮಾಡಿದಷ್ಟೂ ನಷ್ಟ.

ಜನ ಎಡವುವುದು ಇಲ್ಲೇ. ಫೈಲು ಹೋದ ಗಾಬರಿಯಲ್ಲಿ ಅದೇ ಡಿಸ್ಕಿಗೆ ರಿಕವರಿ ಸಾಫ್ಟ್‌ವೇರ್ ಇಳಿಸುತ್ತಾರೆ, ಇಳಿದದ್ದು ಹೋದ ಫೈಲಿನ ಜಾಗದಲ್ಲೇ ಕೂರಬಹುದು. ಇನ್ನು ಕೆಲವರು ಹಾರ್ಡ್‌ಡಿಸ್ಕನ್ನು ಫ್ರಿಜ್‌ನಲ್ಲಿಡಿ ಎನ್ನುತ್ತಾರೆ. ಅಳಿಸಿದ ಫೈಲಿಗೂ ಥಂಡಿಗೂ ಏನು ಸಂಬಂಧ ಸ್ವಾಮಿ? ಶಿರಸಿಯ ಆಷಾಢದ ತೇವಕ್ಕೆ ತಣ್ಣಗಿನ ಡಿಸ್ಕ್ ಹೊರತೆಗೆದರೆ ಮೈಯೆಲ್ಲ ನೀರು ಹನಿಗಟ್ಟಿ ಇದ್ದದ್ದೂ ಕೆಡುತ್ತದೆ. ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚಲು ಮರೆಯದವರು ಬ್ಯಾಕಪ್ ತೆಗೆಯಲು ಮಾತ್ರ ಮರೆಯುತ್ತಾರೆ.

ಯಂತ್ರ ಆರಿಸಿ, ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ. ಜರ್ನಲ್ ಕೈಕೊಟ್ಟರೆ ‘ಫೋಟೊರೆಕ್’ ಇದೆ. ಅದಕ್ಕೆ ಹೆಸರು, ಫೋಲ್ಡರ್ ಯಾವುದೂ ಬೇಡ. ಡಿಸ್ಕನ್ನು ಉದ್ದಕ್ಕೂ ಓದುತ್ತ ಫೈಲುಗಳ ತಲೆಯ ಗುರುತು ಹುಡುಕುತ್ತದೆ. ಜೆಪೆಗ್ ಚಿತ್ರವಾದರೆ ಮೊದಲ ಮೂರು ಬೈಟುಗಳು 255, 216, 255. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯ ಫೋಟೊಗಳನ್ನು ಕಳಕೊಂಡವರಿಗೆ ಇದು ವರ. ಹೆಸರುಗಳಂತೂ ಮರಳುವುದಿಲ್ಲ, ತುಂಡುತುಂಡಾಗಿ ಹರಡಿದ್ದ ಫೈಲು ಅರೆಬರೆ ಬರುತ್ತದೆ.

ಇಷ್ಟೆಲ್ಲ ತಿರುಗುವ ಹಾರ್ಡ್‌ಡಿಸ್ಕಿನ ಮಾತು. ಹೊಸ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿಯಲ್ಲಿ ‘ಟ್ರಿಮ್’ ಎಂಬ ಏರ್ಪಾಡು ಖಾಲಿ ಜಾಗವನ್ನು ನಿಜಕ್ಕೂ ಖಾಲಿ ಮಾಡಿಸುತ್ತದೆ. ಉಬುಂಟು ವಾರಕ್ಕೊಮ್ಮೆ ಅದನ್ನು ತಾನಾಗಿಯೇ ಓಡಿಸುತ್ತದೆ. ಅದು ಓಡಿದ ಮೇಲೆ ಯಾವ ಸಾಫ್ಟ್‌ವೇರಿಗೂ ದುಡ್ಡು ಸುರಿಯಬೇಡಿ.