ಮೊದಲು ಸಾಕೆಟ್ ನೋಡಿ

ಮಗಳು ವಾಸ್ತುಶಿಲ್ಪ ಓದಲು ಸೇರಿದ 2022ರಲ್ಲೇ ನನ್ನ ಕೆಲಸ ಹೋಗಿತ್ತು. ಮನೆಯಲ್ಲಿದ್ದುದು 2017ರಲ್ಲಿ ನಾನೇ ಜೋಡಿಸಿದ್ದ ಪಿಸಿ. ಅವಳ ತ್ರೀಡಿ ಚಿತ್ರಗಳಿಗೆ ಅದು ತೀರಾ ನಿಧಾನ. ಹೊಸದು ಕೊಳ್ಳುವ ಸ್ಥಿತಿ ಇರಲಿಲ್ಲ.

ಇಂಟೆಲ್–ಎಎಂಡಿ ಪೈಪೋಟಿ ಹಳೆಯದು. 1981ರ ಐಬಿಎಂ ಪಿಸಿಯಲ್ಲಿದ್ದುದು ಇಂಟೆಲ್ 8088. ಒಂದೇ ಕಂಪನಿಯನ್ನು ನೆಚ್ಚಿಕೊಳ್ಳಲು ಐಬಿಎಂ ಒಪ್ಪದ್ದರಿಂದ, 1982ರಲ್ಲಿ ಎಎಂಡಿಗೂ ಆ ಚಿಪ್ ತಯಾರಿಸುವ ಪರವಾನಗಿ ಸಿಕ್ಕಿತು. 2003ರಲ್ಲಿ ಎಎಂಡಿ ತಂದ 64 ಬಿಟ್ ವಿಧಾನವನ್ನು ಮರುವರ್ಷ ಇಂಟೆಲ್ ಅಳವಡಿಸಿಕೊಂಡಿತು. ಹಾಗಾಗಿ ಎರಡರಲ್ಲೂ ಒಂದೇ ವಿಂಡೋಸ್ ಓಡುತ್ತದೆ.

ಬೇರೆಯಾಗಿರುವುದು ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಇಂಟೆಲ್ 2015, 2020, 2021ರಲ್ಲಿ ಡೆಸ್ಕ್‌ಟಾಪ್ ಸಾಕೆಟ್ ಬದಲಿಸಿತು. ನನ್ನದು ಎಎಂಡಿಯ ಎಎಂ4. ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ನಾಲ್ಕು ಕೋರ್ ಚಿಪ್ ತೆಗೆದು ಎಂಟು ಕೋರ್‌ನ ರೈಜನ್ 5700ಎಕ್ಸ್ ಕೂರಿಸಿದೆ. ಬೋರ್ಡ್, ರ್‍ಯಾಮ್, ಪವರ್ ಸಪ್ಲೈ ಎಲ್ಲ ಹಳೆಯವೇ. ಮಗಳ ಮೊದಲ ವರ್ಷದ ಕೆಲಸವೆಲ್ಲ ಅದರಲ್ಲೇ ಮುಗಿಯಿತು.

ಈಗ ಎಎಂ5 ಬಂದಿದೆ. ಅದಕ್ಕೆ ಡಿಡಿಆರ್5 ರ್‍ಯಾಮ್ ಬೇಕು, ಹಳೆಯದು ಹೊಂದದು. ಆದ್ದರಿಂದ ಕಂಪನಿಯ ಅಭಿಮಾನ ಬದಿಗಿಡಿ. ಬೋರ್ಡ್ ತಯಾರಕರು ಕೊಡುವ ಸಿಪಿಯು ಪಟ್ಟಿ ಓದಿಯೇ ದುಡ್ಡು ಬಿಚ್ಚಿ.