ಮೊದಲ ಮಳೆಗೆ ಕಾದಿರುವ ಜೀವಿಗಳು

ಏಪ್ರಿಲ್ ತಿಂಗಳಲ್ಲಿ ಮಧುಗಿರಿ, ಶಿರಾ, ಕೊರಟಗೆರೆ ಅಥವಾ ಪಾವಗಡದ ಯಾವುದಾದರೂ ಶಾಲೆಯ ಕೈತೋಟವನ್ನು ನೋಡಿ. ಬಿಸಿಲಿಗೆ ಕಾದ ಕೆಂಪು ಮಣ್ಣಿನಲ್ಲಿ ಇರುವೆಗಳ ಸಾಲನ್ನು ಬಿಟ್ಟರೆ ಸಣ್ಣ ಜೀವಿಗಳು ಕಾಣುವುದೇ ಅಪರೂಪ. ಒಂದು ಹದ ಮಳೆ ಬಿದ್ದ ಮೇಲೆ ಮತ್ತೆ ನೋಡಿ. ಸಹಸ್ರಪದಿ, ಬಸವನಹುಳು, ಎರೆಹುಳು ಎಲ್ಲವೂ ಹಾಜರು! ಇವು ಎಲ್ಲಿಂದ ಬಂದವು?

ಎಲ್ಲಿಂದಲೂ ಬರಲಿಲ್ಲ, ಅಲ್ಲಿಯೇ ಇದ್ದವು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುವ ಈ ಸೀಮೆಯಲ್ಲಿ ಬೇಸಿಗೆಯನ್ನು ದಾಟಲು ಒಂದೊಂದು ಜೀವಿಗೂ ಒಂದೊಂದು ಉಪಾಯವಿದೆ.

ಎರೆಹುಳು ಚರ್ಮದ ಮೂಲಕ ಉಸಿರಾಡುತ್ತದೆ. ಚರ್ಮ ಒಣಗಿದರೆ ಸಾವು ಖಚಿತ. ಆದ್ದರಿಂದ ಅದು ತೇವವಿರುವ ಆಳಕ್ಕೆ ಇಳಿದು, ಲೋಳೆ ಸವರಿದ ಪುಟ್ಟ ಗೂಡಿನಲ್ಲಿ ಸುರುಳಿ ಸುತ್ತಿಕೊಂಡು ಮಲಗುತ್ತದೆ. ಬಸವನಹುಳು ಕಲ್ಲಿನ ಸಂದಿ ಸೇರಿ, ಚಿಪ್ಪಿನ ಬಾಯಿಯನ್ನು ತೆಳು ಪೊರೆಯಿಂದ ಮುಚ್ಚಿ ತಿಂಗಳುಗಟ್ಟಲೆ ಉಪವಾಸವಿರಬಲ್ಲದು. ಸಹಸ್ರಪದಿಯ ಕವಚ ಗಟ್ಟಿಯಾದರೂ ನೀರನ್ನು ಚೆನ್ನಾಗಿ ಹಿಡಿದಿಡಲಾರದು. ಅದಕ್ಕೆ ತರಗೆಲೆಯ ಅಡಿ ಮತ್ತು ಮಣ್ಣಿನ ಬಿರುಕುಗಳೇ ಆಶ್ರಯ. ಕೈತೋಟದ ತರಗೆಲೆಗೆ ಬೆಂಕಿ ಹಚ್ಚಿದರೆ, ಎಲೆಯನ್ನು ಗೊಬ್ಬರವಾಗಿಸುವ ಈ ಜೀವಿಯ ಮನೆಯನ್ನೇ ಸುಟ್ಟಂತೆ.

ಹೀಗೆ ಮಳೆಗೆ ಕಾದಿರುವವುಗಳಲ್ಲಿ ರೈತರು ಹೆದರುವ ಜೀವಿಯೂ ಒಂದಿದೆ: ಕಡಲೆಕಾಯಿ ಬೆಳೆಯನ್ನು ಬೋಳಿಸುವ ಕೆಂಪು ಕಂಬಳಿಹುಳು. ಚೆನ್ನಾಗಿ ಮೇದ ಹುಳು ಬದುಗಳ ಬದಿ, ಮರಗಳ ಬುಡದ ಮಣ್ಣಿಗೆ ಇಳಿದು ಕೋಶವಾಗುತ್ತದೆ. ಸಾಮಾನ್ಯವಾಗಿ 10ರಿಂದ 20 ಸೆಂ.ಮೀ. ಆಳದಲ್ಲಿ, ಹಲವು ತಿಂಗಳು ಸುಪ್ತಾವಸ್ಥೆಯಲ್ಲಿ ಉಳಿಯುತ್ತದೆ. ಮುಂಗಾರಿನ ಒಳ್ಳೆಯ ಮಳೆಯಾದ ಕೆಲವೇ ದಿನಗಳಲ್ಲಿ ಪತಂಗಗಳು ಒಟ್ಟಿಗೆ ಹೊರಬೀಳುತ್ತವೆ. ಒಂದು ಹೆಣ್ಣು ನೂರಾರು ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಬೆಳೆದ ಹುಳುಗಳು ದಂಡು ಕಟ್ಟಿ ಹೊಲದಿಂದ ಹೊಲಕ್ಕೆ ನಡೆಯುತ್ತವೆ. ಆಗ ಅವುಗಳ ಮೈ ತುಂಬ ದಟ್ಟ ಕೂದಲು. ಔಷಧಿ ಸಿಂಪಡಿಸಿದರೂ ಸುಲಭವಾಗಿ ಸಾಯುವುದಿಲ್ಲ.

ಹಾಗಾದರೆ ತಡೆಯುವುದು ಯಾವಾಗ? ಅದರ ಜೀವನಚರಿತ್ರೆಯಲ್ಲೇ ಉತ್ತರವಿದೆ. ಬೇಸಿಗೆಯಲ್ಲಿ ಹೊಲವನ್ನು ಆಳವಾಗಿ ಉತ್ತರೆ ಕೋಶಗಳು ಮೇಲೆ ಬಂದು ಬಿಸಿಲಿಗೂ ಹಕ್ಕಿಗಳಿಗೂ ತುತ್ತಾಗುತ್ತವೆ. ಮೊದಲ ಮಳೆಯ ನಂತರದ ರಾತ್ರಿಗಳಲ್ಲಿ ಬೆಂಕಿ ಅಥವಾ ದೀಪದ ಬಲೆಗೆ ಪತಂಗಗಳು ಬಂದು ಬೀಳುತ್ತವೆ. ಮೊಟ್ಟೆ ಮತ್ತು ಎಳೆ ಮರಿಗಳ ಗುಂಪಿರುವ ಎಲೆಗಳನ್ನು ಕಿತ್ತು ನಾಶಪಡಿಸಬಹುದು. ಆದರೆ ಒಬ್ಬ ರೈತ ಮಾಡಿ ಪಕ್ಕದವನು ಸುಮ್ಮನಿದ್ದರೆ ಪ್ರಯೋಜನ ಕಡಿಮೆ. ಊರಿಗೆ ಊರೇ ಒಂದಾಗಬೇಕು.

ಶಿಕ್ಷಕರೇ, ಈ ಚಟುವಟಿಕೆಯನ್ನು ಮಾಡಿಸಿ. ಕೈತೋಟದಲ್ಲಿ 30 ಸೆಂ.ಮೀ. ಉದ್ದಗಲದ ಒಂದು ಚೌಕ ಗುರುತಿಸಿ, ಅಲ್ಲಿ ಕಾಣುವ ಜೀವಿಗಳನ್ನು ಮಳೆಗೆ ಮುನ್ನ ಒಮ್ಮೆ, ಮಳೆಯ ಮರುದಿನ ಒಮ್ಮೆ ಎಣಿಸಿ ಬರೆದಿಡಲು ಹೇಳಿ. ಕಂಬಳಿಹುಳುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು. ಕೂದಲು ತಗುಲಿದರೆ ತುರಿಕೆಯಾದೀತು. ಯಾವ ಜೀವಿ ಬೇಸಿಗೆಯನ್ನು ಎಲ್ಲಿ ಕಳೆಯುತ್ತದೆಂದು ತಿಳಿದ ವಿದ್ಯಾರ್ಥಿಗೆ, ಯಾವುದನ್ನು ಹೇಗೆ ಉಳಿಸಬೇಕು, ಯಾವುದನ್ನು ಎಲ್ಲಿ ತಡೆಯಬೇಕು ಎಂಬುದೂ ತಿಳಿಯುತ್ತದೆ.