ಹಬ್ಬದ ಜನಸಂದಣಿಯಲ್ಲಿ ವಾಕಿಟಾಕಿ



ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಾದಲ್ಲಿ ತೇರು ಹೊರಡುವಾಗ, ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಮಹೋತ್ಸವದಲ್ಲಿ ಎಷ್ಟು ಜನ ಸೇರುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಅಂಥ ಸಂದಣಿಯಲ್ಲಿ ಮೊಬೈಲನ್ನೇ ನಂಬಿಕೊಂಡರೆ ಸಾಲದು. ಒಂದೇ ಟವರಿನ ಮೇಲೆ ಸಾವಿರಾರು ಫೋನುಗಳ ಭಾರ ಬಿದ್ದಾಗ ಕರೆ ಹೋಗುವುದೇ ಕಷ್ಟ. ವಾಕಿಟಾಕಿಗೆ ಟವರಿನ ಹಂಗಿಲ್ಲ. ಗುಂಡಿ ಒತ್ತಿ ಒಮ್ಮೆ ಹೇಳಿದರೆ ಎಲ್ಲ ಸ್ವಯಂಸೇವಕರಿಗೂ ಕೇಳುತ್ತದೆ.

ಆದರೆ ಒಂದು ಚಾನೆಲಿನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬಹುದು. ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರ ಮಾತೂ ಕೆಡುತ್ತದೆ. ಆದ್ದರಿಂದ ಮೊದಲು ಕೇಳಿ, ಚಾನೆಲು ಖಾಲಿ ಇದೆಯೆಂದು ತಿಳಿದು ಒತ್ತಬೇಕು. ಒತ್ತಿದ ಮೇಲೂ ಒಂದು ಕ್ಷಣ ತಡೆಯಬೇಕು. ಇಲ್ಲದಿದ್ದರೆ ಮೊದಲ ಪದವೇ ನುಂಗಿಹೋಗುತ್ತದೆ. "ಗೇಟಿಗೆ ಹೋಗಬೇಡಿ" ಎಂದದ್ದು ಅರ್ಧ ಕೇಳಿದರೆ ಏನಾದೀತು ಯೋಚಿಸಿ! ಕರೆಯಬೇಕಾದವರ ಹೆಸರು ಮೊದಲು, ನಿಮ್ಮದು ಆಮೇಲೆ: "ಪಾರ್ಕಿಂಗ್, ಇದು ಮುಖ್ಯದ್ವಾರ." ಮಾತು ಮುಗಿದಾಗ "ಓವರ್." ಕೇಳಿಸಿಕೊಂಡವರು ಬರೀ "ಸರಿ" ಎನ್ನದೆ, ಕೇಳಿದ್ದನ್ನು ತಿರುಗಿ ಹೇಳಬೇಕು. ಕಿರುಚುವುದು ಬೇಡ, ಬಾಯಿಂದ ಮೂರು ಬೆರಳಿನಷ್ಟು ದೂರ ಹಿಡಿದು ಸಹಜವಾಗಿ ಮಾತನಾಡಿದರೆ ಸಾಕು. (ಜ್ಞಾನೋಪದೇಶದ ಮಕ್ಕಳು ಇದನ್ನು ಹಿರಿಯರಿಗಿಂತ ಬೇಗ ಕಲಿಯುತ್ತಾರೆ!)

ಹೆಚ್ಚು ಎಚ್ಚರ ಬೇಕಾದದ್ದು ಮಗು ತಪ್ಪಿಸಿಕೊಂಡಾಗ. ಸಾಮಾನ್ಯ ವಾಕಿಟಾಕಿಯಲ್ಲಿ ಆಡಿದ ಮಾತನ್ನು ಅದೇ ಚಾನೆಲಿಗೆ ತಿರುಗಿಸಿದ ಯಾರು ಬೇಕಾದರೂ ಕೇಳಬಹುದು. ಕೆಲವು ಸೆಟ್ಟುಗಳಲ್ಲಿರುವ "ಪ್ರೈವೆಸಿ ಕೋಡ್" ಬೇರೆಯವರ ಮಾತು ನಮಗೆ ಕೇಳದಂತೆ ಮಾಡುತ್ತದೆಯೇ ಹೊರತು ನಮ್ಮ ಮಾತನ್ನು ಮುಚ್ಚಿಡುವುದಿಲ್ಲ. ಆದ್ದರಿಂದ ಮಗುವಿನ ಹೆಸರನ್ನಾಗಲಿ ತಾಯಿಯ ಹೆಸರನ್ನಾಗಲಿ ಹೇಳದೆ, ವಯಸ್ಸು, ಉಡುಪು, ಕೊನೆಗೆ ಕಂಡ ಸ್ಥಳ ಇಷ್ಟನ್ನೇ ಹೇಳಬೇಕು. ಹೆಸರು ಗೊತ್ತಿದ್ದ ಅಪರಿಚಿತನ ಕೈಗೆ ಮಗು ಸುಲಭವಾಗಿ ಹೋಗಿಬಿಡುತ್ತದೆ. ಮಗು ಸಿಕ್ಕ ಮೇಲೂ "ಸಿಕ್ಕಿತು, ಕಚೇರಿಗೆ ಕರೆತರುತ್ತಿದ್ದೇವೆ" ಎಂದರೆ ಸಾಕು. ಹೆತ್ತವರನ್ನು ಅಲ್ಲೇ ವಿಚಾರಿಸಿ ಒಪ್ಪಿಸಬೇಕು. ಯಾರಾದರೂ ಕುಸಿದುಬಿದ್ದಾಗಲೂ ಹಾಗೆಯೇ: ಸ್ಥಳ ಮೊದಲು, ವಿವರ ಆಮೇಲೆ. ಆಗ ಉಳಿದವರೆಲ್ಲ ಸುಮ್ಮನಿರಬೇಕು. "ಊಟ ಬಂತಾ?" ಎಂಬ ಪ್ರಶ್ನೆ ಕಾಯಲಿ.

ಕೊಳ್ಳುವ ಪಾಲನಾ ಸಮಿತಿಗೊಂದು ಮಾತು. ಸಿಕ್ಕ ಸೆಟ್ಟನ್ನೆಲ್ಲ ಬಳಸಲು ಕಾನೂನು ಬಿಡುವುದಿಲ್ಲ. ನಮ್ಮ ದೇಶದಲ್ಲಿ 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಲೈಸೆನ್ಸ್ ವಿನಾಯಿತಿ ಇದೆ. ಉಳಿದವಕ್ಕೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಪೆಟ್ಟಿಗೆಯ ಮೇಲೆ ಬರೆದ ಕಿಲೋಮೀಟರುಗಳು ಬಯಲಿನ ಲೆಕ್ಕ. ಕಲ್ಲಿನ ಗೋಡೆ, ಕಾಂಕ್ರೀಟು ಸಿಕ್ಕಿದರೆ ದೂರ ಬಹಳ ಕುಗ್ಗುತ್ತದೆ. ಹಬ್ಬದ ಹಿಂದಿನ ಸಂಜೆ, ಬ್ಯಾಟರಿ ತುಂಬಿಸಿಕೊಂಡು ಇಬ್ಬರು ಗಂಟೆಗೋಪುರದ ಹಿಂದೆ, ಸಮಾಧಿಭೂಮಿಯ ಕಡೆ, ಮೆರವಣಿಗೆಯ ಬೀದಿಯ ತಿರುವುಗಳಲ್ಲಿ ನಡೆದು ಮಾತನಾಡಿ ನೋಡಲಿ. ಧ್ವನಿ ಮುಟ್ಟದ ಮೂಲೆ ಸಿಕ್ಕರೆ, ನಡುವೆ ನಿಂತು ಸಂದೇಶ ದಾಟಿಸಲು ಒಬ್ಬರನ್ನು ಅಲ್ಲಿಗೇ ನೇಮಿಸಿಬಿಡಿ.